ತುತ್ತೂರಿ, ಕಿಂದರಿ, ಆನೆ: ಹಳೆಯ ಮಕ್ಕಳ ಪುಸ್ತಕಗಳಲ್ಲಿ ಶಬ್ದದ ಪಾಠ

ಬೇಸಗೆಯ ರಜೆಯಲ್ಲಿ ನಾವು ಹುಟ್ಟೂರಾದ ಸರಗೂರಿಗೆ ಹೋಗಿದ್ದಾಗ, ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ಕೆಳಗಿಳಿಸುವ ಸಂದರ್ಭ ಒದಗಿತು. ಅದರೊಳಗೆ ನಮ್ಮ ತಂದೆಯವರು ಬಾಲ್ಯದಲ್ಲಿ ಓದಿದ್ದ ಪುಸ್ತಕಗಳಿದ್ದವು. ಹೊದಿಕೆ ಹರಿದಿತ್ತು, ಅಂಚುಗಳನ್ನು ಗೆದ್ದಲು ತಿಂದಿತ್ತು. ರದ್ದಿಗೆ ಹಾಕಿಬಿಡೋಣವೆಂಬ ಮಾತು ಮನೆಯಲ್ಲಿ ಬಂದಿತು. ಅಷ್ಟರಲ್ಲಿ ಎಂಟು ವರ್ಷ ವಯಸ್ಸಿನ ನಮ್ಮ ತಂಗಿಯ ಮಗಳು ಅವುಗಳಲ್ಲೊಂದನ್ನು ಎತ್ತಿಕೊಂಡು, ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಗಟ್ಟಿಯಾಗಿ ಓದತೊಡಗಿದಳು. ಓದಿ ಮುಗಿಸಿದವಳೇ, "ಮಾವ, ನೀರು ಹೋದರೆ ತುತ್ತೂರಿ ಯಾಕೆ ಗಗಗ ಅನ್ನುತ್ತೆ?" ಎಂದು ಕೇಳಿದಳು.

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಪ್ರಶ್ನೆ ಕಷ್ಟದ್ದೆಂದು ತೋರಲಿಲ್ಲ. ಕೊಳವೆಯೊಳಗೆ ನೀರು ಸೇರಿದರೆ ಗಾಳಿಯ ಕಂಬ ಗಿಡ್ಡವಾಗುತ್ತದೆ, ಗಿಡ್ಡವಾದ ಕಂಬ ಬೇಗ ಬೇಗ ಕಂಪಿಸುತ್ತದೆ, ಆದಕಾರಣ ಸ್ವರ ಏರುತ್ತದೆ ಎಂದು ಒಂದೇ ಉಸಿರಿಗೆ ಉತ್ತರಿಸಿದೆವು. ಹುಡುಗಿ ಸುಮ್ಮನೆ ಎದ್ದು ಹೋಗಿ, ಜಾತ್ರೆಯಲ್ಲಿ ಕೊಂಡಿದ್ದ ಪೀಪಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಊದಿದಳು. ಸ್ವರ ಏರಲಿಲ್ಲ. ಪದ್ಯದಲ್ಲಿರುವಂತೆಯೇ ಸದ್ದು ತಡೆತಡೆದು ಬಂದಿತು. "ನೀವು ಹೇಳಿದ ಹಾಗೆ ಆಗಲಿಲ್ಲ ಮಾವ, ಪುಸ್ತಕದಲ್ಲಿರೋ ಹಾಗೇ ಆಯ್ತು" ಎಂದಳು.

ಈ ಲೇಖನ ಹುಟ್ಟಿದ್ದು ಆ ಸೋಲಿನಿಂದ. ಕಳೆದ ಶತಮಾನದ ಮಧ್ಯಭಾಗದಲ್ಲಿ ಓದಲ್ಪಡುತ್ತಿದ್ದ ಮಕ್ಕಳ ಪುಸ್ತಕಗಳಲ್ಲಿ ಕೆಲವನ್ನು ಶಬ್ದವೆಂಬ ಒಂದೇ ವಿಷಯದ ದೃಷ್ಟಿಯಿಂದ ಇಲ್ಲಿ ಪುನಃ ಓದಿ ನೋಡೋಣ.

ತುತ್ತೂರಿ: ಕವಿಯ ಕಿವಿ

ರಾಜರತ್ನಂ ಅವರ ಪದ್ಯದ ಕಥೆ ಕನ್ನಡದ ಮಕ್ಕಳಿಗೆಲ್ಲ ತಿಳಿದದ್ದೇ. ಬಾಲಕನೊಬ್ಬ ತಗಡಿನ ತುತ್ತೂರಿಯನ್ನು ಕೊಂಡು ಜಂಬದಿಂದ ಊದುತ್ತ ನಡೆಯುತ್ತಾನೆ. ಅದು ಕೊಳಕ್ಕೆ ಜಾರುತ್ತದೆ. ಆಮೇಲೆ ಅದರಿಂದ ಸಪ್ತಸ್ವರ ಹೊರಡುವುದಿಲ್ಲ, ಬಣ್ಣವೂ ಉಳಿಯುವುದಿಲ್ಲ.

ಆಟದ ತುತ್ತೂರಿಯ ಬಾಯಲ್ಲಿ ಸಾಮಾನ್ಯವಾಗಿ ಒಂದು ತೆಳುವಾದ ನಾಲಗೆ ಇರುತ್ತದೆ. ಉಸಿರು ತಗುಲಿದಾಗ ಅದು ಸೆಕೆಂಡಿಗೆ ನೂರಾರು ಬಾರಿ ಅದುರಿ, ಗಾಳಿಯ ದಾರಿಯನ್ನು ತೆರೆಯುತ್ತ ಮುಚ್ಚುತ್ತ ಸ್ವರವನ್ನು ಹುಟ್ಟಿಸುತ್ತದೆ. ಇಲ್ಲಿ ಸ್ವರವನ್ನು ಬಹುಮಟ್ಟಿಗೆ ನಿರ್ಧರಿಸತಕ್ಕದ್ದು ಆ ನಾಲಗೆಯೇ ಹೊರತು ಕೊಳವೆಯ ಉದ್ದವಲ್ಲ. ನಮ್ಮ ಉತ್ತರ ಎಡವಿದ್ದು ಇಲ್ಲಿಯೇ. ಕೊಳಲಿಗೆ ಸಲ್ಲುವ ನಿಯಮವನ್ನು ನಾವು ಪೀಪಿಗೆ ಅನ್ವಯಿಸಿದ್ದೆವು.

ನೀರು ಒಳಹೊಕ್ಕಾಗ ಎರಡು ಕಾರ್ಯಗಳು ನಡೆಯುತ್ತವೆ. ಮೊದಲನೆಯದಾಗಿ, ನಾಲಗೆಗೆ ನೀರು ಅಂಟಿ ಅದು ಭಾರವಾಗುತ್ತದೆ ಮತ್ತು ತನ್ನ ಆಸನಕ್ಕೆ ಕಚ್ಚಿಕೊಳ್ಳುತ್ತದೆ. ಎರಡನೆಯದಾಗಿ, ಕೊಳವೆಯಲ್ಲಿ ನಿಂತ ನೀರು ಗಾಳಿಯ ದಾರಿಗೆ ಅಡ್ಡಲಾಗುತ್ತದೆ. ಉಸಿರಿನ ಒತ್ತಡ ಹೆಚ್ಚಿದಾಗ ಗಾಳಿ ಗುಳ್ಳೆಯಾಗಿ ನೀರನ್ನು ಭೇದಿಸಿ ಹೊರಡುತ್ತದೆ. ಒಡನೆಯೇ ಒತ್ತಡ ಇಳಿದು, ನೀರು ಮರಳಿ ದಾರಿಯನ್ನು ಮುಚ್ಚುತ್ತದೆ. ಹೀಗೆ ಸೆಕೆಂಡಿಗೆ ಹಲವು ಬಾರಿ ಸ್ವರ ಕಡಿದು ಕಡಿದು ಬರುತ್ತದೆ. ಈ ತುಂಡುಗಳು ಸೆಕೆಂಡಿಗೆ ಸುಮಾರು ಇಪ್ಪತ್ತಕ್ಕಿಂತ ಕಡಮೆಯಾಗಿದ್ದರೆ ಕಿವಿ ಅವನ್ನು ಬಿಡಿಬಿಡಿಯಾಗಿಯೇ ಗ್ರಹಿಸುತ್ತದೆ, ಒಂದೇ ಸ್ವರವೆಂದು ಬೆಸೆಯುವುದಿಲ್ಲ. ಕವಿ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳಿಸಿದ್ದು ಪ್ರಾಸದ ಅನುಕೂಲಕ್ಕಾಗಿ ಮಾತ್ರವಲ್ಲ. ಕೇಳಿದ್ದನ್ನು ಕೇಳಿದಂತೆಯೇ ಅವರು ಬರೆದಿದ್ದಾರೆ. ಇನ್ನು ಒಂದೇ ನಾಲಗೆಯ ಆಟದ ತುತ್ತೂರಿಯಲ್ಲಿ ಏಳು ಸ್ವರಗಳನ್ನು ನುಡಿಸಿದನೆಂಬುದು ಕವಿಯ ಸ್ವಾತಂತ್ರ್ಯವೆಂದು ತಿಳಿಯಬೇಕು. ಅದಕ್ಕೆ ಕೊಳಲಿನಲ್ಲಿರುವಂತೆ ರಂಧ್ರಗಳಾದರೂ ಬೇಕಾಗುತ್ತವೆ.

ಹಾಗಾದರೆ ಗಾಳಿಯ ಕಂಬದ ನಿಯಮ ಸುಳ್ಳೇ? ಅಲ್ಲ. ಅದನ್ನು ಕಾಣಲು ತಕ್ಕ ವಸ್ತುವನ್ನು ಆರಿಸಿಕೊಳ್ಳಬೇಕು, ಅಷ್ಟೆ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿರಿ. ಬಳಿಕ ಸ್ವಲ್ಪ ಸ್ವಲ್ಪವಾಗಿ ನೀರು ತುಂಬುತ್ತ ಊದಿರಿ. ಸ್ವರ ಏರುತ್ತ ಹೋಗುತ್ತದೆ. ನಲ್ಲಿಯ ಕೆಳಗಿಟ್ಟ ಬಿಂದಿಗೆ ತುಂಬುತ್ತ ಬಂದಿತೆಂಬುದನ್ನು ನಮ್ಮ ತಾಯಂದಿರು ಒಲೆಯ ಮುಂದೆ ಕುಳಿತೇ ತಿಳಿಯುವುದು ಈ ಏರುವ ಸ್ವರದಿಂದ. ಈಗ ಗಾಜಿನ ಲೋಟವೊಂದನ್ನು ತೆಗೆದುಕೊಂಡು, ನೀರು ತುಂಬುತ್ತ ಅದರ ಪಕ್ಕಕ್ಕೆ ಚಮಚದಿಂದ ಮೆಲ್ಲಗೆ ತಟ್ಟಿರಿ. ಇಲ್ಲಿ ಸ್ವರ ಇಳಿಯುತ್ತ ಹೋಗುತ್ತದೆ! ನೀರು ಒಂದೇ, ಫಲ ಮಾತ್ರ ವಿರುದ್ಧ. ಕಾರಣ ಸುಲಭವಾದದ್ದು. ಊದಿದಾಗ ಕಂಪಿಸುವುದು ಗಾಳಿ. ನೀರು ತುಂಬಿದಷ್ಟೂ ಗಾಳಿ ಕಡಮೆಯಾಗಿ ಕಂಪನ ಶೀಘ್ರವಾಗುತ್ತದೆ. ತಟ್ಟಿದಾಗ ಕಂಪಿಸುವುದು ಗಾಜು. ನೀರು ಅದರೊಡನೆ ತಾನೂ ಅಲುಗಬೇಕಾದುದರಿಂದ ಭಾರ ಹೆಚ್ಚಿ ಕಂಪನ ನಿಧಾನವಾಗುತ್ತದೆ. "ಇಲ್ಲಿ ಕಂಪಿಸುತ್ತಿರುವುದು ಯಾವುದು?" ಎಂಬುದೇ ಶಬ್ದಶಾಸ್ತ್ರದ ಮೊದಲ ಪ್ರಶ್ನೆ. ಸೂತ್ರವನ್ನು ಬಲ್ಲ ನಾವು ಅದನ್ನು ಕೇಳಲು ಮರೆತೆವು. ಪೀಪಿಯನ್ನು ಅದ್ದಿದ ಹುಡುಗಿ ಅದನ್ನು ಕೈಯಿಂದ ಕೇಳಿದಳು.

ಕಿಂದರಿ: ಇಲಿಯ ಕಿವಿ

ಎರಡನೆಯ ಪುಸ್ತಕ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಆಂಗ್ಲ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನದ ಪ್ರೇರಣೆ ಇದಕ್ಕುಂಟು. ಆದರೆ ಅಲ್ಲಿಯ ಜರ್ಮನ್ ಊರು ಇಲ್ಲಿ ತುಂಗಾತೀರದ ಹಳ್ಳಿಯಾಗಿದೆ, ಊದುವ ಕೊಳವೆಯ ಬದಲು ಜೋಗಿಯ ಕೈಯಲ್ಲಿ ಕಿಂದರಿ ಇದೆ. ಕಿಂದರಿಯ ನಾದಕ್ಕೆ ಮರುಳಾದ ಇಲಿಗಳು ಜೋಗಿಯ ಹಿಂದೆ ಹೊರಟು ಹೊಳೆಯ ಪಾಲಾಗುತ್ತವೆ.

ಇಲಿಗೆ ಕಿಂದರಿ ಕೇಳಿಸುವುದೇ ಎಂದು ಮಗುವೊಂದು ಕೇಳಿದರೆ ನಾವು ನಗಬಾರದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸುತ್ತದೆ. ಇಲಿಯ ವ್ಯಾಪ್ತಿ ಬೇರೆ. ಸೆಕೆಂಡಿಗೆ ಸುಮಾರು 500ಕ್ಕಿಂತ ಕಡಮೆಯ ಕಂಪನಗಳು ಅದಕ್ಕೆ ಚೆನ್ನಾಗಿ ಕೇಳಿಸುವುದಿಲ್ಲ. ಮೇಲೆ 60,000 ಕಂಪನಗಳಾದರೂ ಕೇಳಿಸುತ್ತದೆ. ತಂತಿವಾದ್ಯಗಳ ಮೂಲಸ್ವರ ಬಹುಮಟ್ಟಿಗೆ ನೂರರಿಂದ ಕೆಲವು ನೂರು ಕಂಪನಗಳೊಳಗೆ ಇರುತ್ತದೆ. ಆದರೆ ಮೀಟಿದ ತಂತಿ ಮೂಲಸ್ವರವೊಂದನ್ನೇ ಕೊಡುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳನ್ನೂ ಕೊಡುತ್ತದೆ. ಆದುದರಿಂದ ಬೊಮ್ಮನಹಳ್ಳಿಯ ಜನರಿಗೂ ಇಲಿಗಳಿಗೂ ಕೇಳಿಸಿದ್ದು ಒಂದೇ ಕಿಂದರಿಯಾದರೂ ಒಂದೇ ಸಂಗೀತವಲ್ಲ. ಜನರು ಮೂಲಸ್ವರವನ್ನು ಕೇಳಿದರು. ಇಲಿಗಳು ಹೆಚ್ಚಾಗಿ ಉಪಸ್ವರಗಳನ್ನು ಕೇಳಿದವು.

ಇಲಿಗಳು ತಮ್ಮತಮ್ಮಲ್ಲಿ ಮಾತಾಡುವುದೂ ನಮ್ಮ ಕಿವಿಗೆ ಮೀರಿದ ಶಬ್ದಗಳಿಂದಲೇ. ಅಪಾಯ ಕಂಡಾಗ ಸೆಕೆಂಡಿಗೆ ಸುಮಾರು 22,000 ಕಂಪನಗಳ ಕೂಗನ್ನೂ, ಆಟದಲ್ಲಿ ಸುಮಾರು 50,000 ಕಂಪನಗಳ ಕೂಗನ್ನೂ ಅವು ಹೊರಡಿಸುತ್ತವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರು. ವೇಗವನ್ನು ಕಂಪನಗಳ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ಆ ಲೆಕ್ಕದಂತೆ 50,000 ಕಂಪನಗಳ ಅಲೆಯ ಉದ್ದ ಕೇವಲ 7 ಮಿಲಿಮೀಟರು, ಎಂದರೆ ಒಂದು ಅಕ್ಕಿಯ ಕಾಳಿನಷ್ಟು. ಇಂತಹ ಶಬ್ದ ಬಹುದೂರ ಹೋಗಲಾರದು. ಸಣ್ಣ ಅಡ್ಡಿಗಳೂ ಅದನ್ನು ತಡೆಯುತ್ತವೆ. ಬಿಲದೊಳಗಿನ ಸಂಸಾರಕ್ಕೆ ಅಷ್ಟೇ ಸಾಕು.

ಆನೆ: ಕೇಳದ ಕರೆ

ಮೂರನೆಯ ಪುಸ್ತಕ ನಮ್ಮ ಸೀಮೆಗೇ ಸೇರಿದ್ದು. ಸರಗೂರಿಗೆ ದೂರವಲ್ಲದ, ಕಬಿನಿಯ ದಡದ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಚಿತ್ರದಿಂದ ಲೋಕಪ್ರಸಿದ್ಧನಾದನು. ಚಿತ್ರದ ಕಥೆಗೆ ಆಧಾರ ಕಿಪ್ಲಿಂಗನ 'ಜಂಗಲ್ ಬುಕ್' (1894) ಗ್ರಂಥದಲ್ಲಿರುವ ತೂಮಾಯಿ ಎಂಬ ಮಾವುತರ ಹುಡುಗನ ಕಥೆ. ಚಿತ್ರದ ನಿರ್ದೇಶಕರಲ್ಲೊಬ್ಬರಾದ ರಾಬರ್ಟ್ ಫ್ಲಾಹರ್ಟಿಯವರ ಪತ್ನಿ ಫ್ರಾನ್ಸಿಸ್ ಫ್ಲಾಹರ್ಟಿಯವರು ಅದೇ 1937ರಲ್ಲಿ ಸಾಬುವನ್ನು ಕುರಿತು ಮಕ್ಕಳಿಗಾಗಿ ಛಾಯಾಚಿತ್ರಗಳ ಪುಸ್ತಕವೊಂದನ್ನು ಹೊರತಂದರು. ನಮ್ಮ ಕಾಡುಸೀಮೆಯ ಹುಡುಗನೊಬ್ಬ ದೂರದೇಶದ ಮಕ್ಕಳ ಕೈಯಲ್ಲಿ ಪುಸ್ತಕವಾಗಿದ್ದನೆಂಬುದು ಇಲ್ಲಿಯ ಮಕ್ಕಳಲ್ಲಿ ಅನೇಕರಿಗೆ ಇಂದು ತಿಳಿಯದು.

ತೂಮಾಯಿಯ ಕಥೆಯಲ್ಲಿ ಕಾಡಿನ ಆನೆಗಳೆಲ್ಲ ಒಂದು ರಾತ್ರಿ ಗುಟ್ಟಾಗಿ ಒಂದೆಡೆ ಕೂಡುತ್ತವೆ. ಆನೆಗಳ ನೃತ್ಯವೆಂಬುದು ಕಲ್ಪನೆ. ಆದರೆ ದೂರದೂರದ ಆನೆಗಳು ಒಂದನ್ನೊಂದು ಕರೆಯಬಲ್ಲವೆ ಎಂಬ ಪ್ರಶ್ನೆ ಕಲ್ಪನೆಯಲ್ಲ. ಅದಕ್ಕೆ ಉತ್ತರ ದೊರೆಯಲು ಆರಂಭವಾದದ್ದು 1984ರಲ್ಲಿ. ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ವಿಜ್ಞಾನಿಗೆ ಯಾವ ಶಬ್ದವೂ ಕೇಳಿಸದೆ ಗಾಳಿಯಲ್ಲಿ ಒಂದು ಬಗೆಯ ಮಿಡಿತ ಮಾತ್ರ ಅನುಭವಕ್ಕೆ ಬಂದಿತು. ಬಾಲ್ಯದಲ್ಲಿ ಇಗರ್ಜಿಯ ದೊಡ್ಡ ಆರ್ಗನ್ ವಾದ್ಯದ ಪಕ್ಕದಲ್ಲಿ ನಿಂತು ಹಾಡುತ್ತಿದ್ದಾಗ, ಅತ್ಯಂತ ಕೆಳಗಿನ ಸ್ವರಗಳು ಎದೆಯನ್ನು ಅದುರಿಸುತ್ತಿದ್ದುದು ಅವರ ನೆನಪಿಗೆ ಬಂದಿತು. ಆ ನೆನಪಿನ ಎಳೆಯನ್ನು ಹಿಡಿದು ಉಪಕರಣಗಳಿಂದ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ 14ರಿಂದ 24 ಕಂಪನಗಳ, ಎಂದರೆ ಮನುಷ್ಯನ ಕಿವಿಯ ಕೆಳ ಎಲ್ಲೆಯಲ್ಲಿರುವ ಧ್ವನಿಯಿಂದ ಕರೆಯುತ್ತವೆಂಬುದು ಸಿದ್ಧವಾಯಿತು. 1986ರಲ್ಲಿ ಈ ಶೋಧ ಪ್ರಕಟವಾಯಿತು. ಈ ಧ್ವನಿ ಹುಟ್ಟುವುದು, ನಾವು ಮಾತಾಡುವಾಗ ನಡೆಯುವಂತೆಯೇ, ಗಂಟಲಿನ ಧ್ವನಿತಂತುಗಳ ನಡುವೆ ಉಸಿರು ಹಾಯುವುದರಿಂದ ಎಂಬುದು 2012ರ ಪ್ರಯೋಗವೊಂದರಿಂದ ತಿಳಿದುಬಂದಿತು.

ಈಗ ಇಲಿಯ ಲೆಕ್ಕವನ್ನೇ ಆನೆಗೂ ಮಾಡಿರಿ. ಸೆಕೆಂಡಿಗೆ 17 ಕಂಪನಗಳಾದರೆ ಅಲೆಯ ಉದ್ದ ಸುಮಾರು 20 ಮೀಟರು! ಇಷ್ಟು ಉದ್ದದ ಅಲೆಗೆ ಮರದ ಬೊಡ್ಡೆಯಾಗಲಿ ಬಿದಿರಿನ ಮೆಳೆಯಾಗಲಿ ಅಡ್ಡಿಯೇ ಅಲ್ಲ. ಹೊಳೆಯ ಅಲೆ ನೆಟ್ಟ ಕಡ್ಡಿಯನ್ನು ಬಳಸಿ ಮುಂದೆ ಹೋಗುವಂತೆ ಅದು ಅವುಗಳನ್ನು ಬಳಸಿ ಹೋಗುತ್ತದೆ. ಅಲ್ಲದೆ ಕಂಪನಗಳು ಕಡಮೆಯಾದಷ್ಟೂ ಗಾಳಿ ಹೀರಿಕೊಳ್ಳುವ ಶಬ್ದದ ಪಾಲೂ ಕಡಮೆ. ಆದುದರಿಂದಲೇ ಆನೆಯ ಕರೆ ಕಾಡಿನೊಳಗೆ ಹಲವು ಕಿಲೋಮೀಟರು ಸಾಗಬಲ್ಲದು.

ನಮ್ಮ ಸೀಮೆಯಲ್ಲಿ ಇದು ಬರಿಯ ಕುತೂಹಲದ ಸಂಗತಿಯಲ್ಲ. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡೂ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರೂ ಆನೆಗಳ ನೆಲೆ. ಬೇಸಗೆಯಲ್ಲಿ ಹಿನ್ನೀರಿನ ಹಸಿರಿಗೆ ಅವು ಹಿಂಡುಹಿಂಡಾಗಿ ಬರುತ್ತವೆ. ಕಾಡಂಚಿನ ಹೊಲದಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವ ರೈತನಿಗೆ ಕೇಳಿಸುವುದು ಆನೆಯ ಘೀಳು ಮಾತ್ರ. ಅದಕ್ಕೆ ಮುಂಚೆ ಅವು ತಮ್ಮೊಳಗೆ ಆಡಿಕೊಂಡ ಮಾತು ಅವನ ಕಿವಿಯನ್ನು ಮುಟ್ಟುವುದೇ ಇಲ್ಲ. ಆ ಧ್ವನಿಯನ್ನು ಉಪಕರಣಗಳಿಂದ ಗುರುತಿಸಿ ಮುನ್ನೆಚ್ಚರಿಕೆ ಪಡೆಯುವ ಪ್ರಯತ್ನಗಳು ಕೆಲವೆಡೆ ನಡೆದಿವೆ. ಆ ಕೆಲಸಕ್ಕೆ ಕೈಹಾಕುವವರು ನಾಳೆ ಈ ಊರುಗಳ ಮಕ್ಕಳಲ್ಲಿಯೇ ಹುಟ್ಟಬೇಕಲ್ಲವೆ?

ಹಳೆಯ ಪುಸ್ತಕವನ್ನು ಓದುವ ಬಗೆ

ಪೆಟ್ಟಿಗೆಯ ತಳದಲ್ಲಿ ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಒಂದು ಸಂಪುಟವೂ ಇತ್ತು. ಕಾಲೇಜಿನ ಓದನ್ನು ನಡುವೆಯೇ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದ ಕಾರಂತರು, ಮಕ್ಕಳಿಗಾಗಿ ಈ ವಿಶ್ವಕೋಶವನ್ನು 1936ರಲ್ಲಿ ಮೂರು ಸಂಪುಟಗಳಲ್ಲಿ ಕೊಟ್ಟರು. ಮುಂದೆ 1959ರಿಂದ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ರಚಿಸಿದರು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಪದಗಳೇ ಸಾಲವೆಂದು ಅನೇಕರು ಭಾವಿಸಿದ್ದ ಕಾಲದಲ್ಲಿ ನಡೆದ ಕಾರ್ಯವಿದು.

ಇಂತಹ ಪುಸ್ತಕಗಳ ವಿಷಯ ಹಳತಾಗಿದೆ, ಮಕ್ಕಳು ತಪ್ಪು ಕಲಿತಾರು ಎಂಬ ಆಕ್ಷೇಪವುಂಟು. ಆಕ್ಷೇಪದಲ್ಲಿ ಸತ್ಯವೂ ಉಂಟು. 1936ರ ಪುಸ್ತಕದ ಕಾಲಕ್ಕೆ ಪ್ಲೂಟೋ ಒಂಬತ್ತನೆಯ ಗ್ರಹವಾಗಿತ್ತು. 2006ರಲ್ಲಿ ಖಗೋಳವಿಜ್ಞಾನಿಗಳು ಅದನ್ನು ಕುಬ್ಜಗ್ರಹವೆಂದು ವಿಂಗಡಿಸಿದರು. ಚಂದ್ರನ ಹಿಂಬದಿಯನ್ನು 1959ರ ಮುಂಚೆ ಯಾರೂ ಕಂಡಿರಲಿಲ್ಲ. ಬಾವಲಿಗಳು ಹೊರಡಿಸುವ ನಮ್ಮ ಕಿವಿಗೆ ಮೀರಿದ ಧ್ವನಿಯನ್ನು ಉಪಕರಣದಿಂದ ಗುರುತಿಸಿದ್ದು 1938ರಲ್ಲಿ. ಆನೆಯ ಕರೆಯ ಸಂಗತಿಯಂತೂ ಆಗ ಯಾರ ಊಹೆಯಲ್ಲಿಯೂ ಇರಲಿಲ್ಲ. ಆದರೆ ಈ ಕೊರತೆಯನ್ನೇ ನಾವು ಪಾಠವಾಗಿ ಮಾಡಿಕೊಳ್ಳಬಹುದು. ಮಗುವಿನ ಕೈಗೆ ಪುಸ್ತಕದೊಡನೆ ಒಂದು ಪೆನ್ಸಿಲನ್ನೂ ಕೊಡಿರಿ. ಬದಲಾದ ಸಂಗತಿಯ ಪಕ್ಕದಲ್ಲಿ ಹೊಸ ಸಂಗತಿಯನ್ನೂ ಅದು ತಿಳಿದುಬಂದ ವರ್ಷವನ್ನೂ ಮಗುವೇ ಬರೆಯಲಿ. ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ಶಾಶ್ವತವಲ್ಲವೆಂಬುದೂ, ಯಾವುದನ್ನೂ ಕಾರಣವಿಲ್ಲದೆ ತಿದ್ದಲಾಗದೆಂಬುದೂ ಇದರಿಂದ ಏಕಕಾಲದಲ್ಲಿ ತಿಳಿಯುತ್ತವೆ. ಅಚ್ಚುಕಟ್ಟಾದ ಹೊಸ ಪಠ್ಯಪುಸ್ತಕ ಈ ಪಾಠವನ್ನು ಇಷ್ಟು ಸುಲಭವಾಗಿ ಕಲಿಸಲಾರದು.

ಆಸಕ್ತ ಓದುಗರು ಮನೆಯಲ್ಲಿ ಮಾಡಿ ನೋಡಬಹುದಾದ ಇನ್ನೊಂದು ಅಭ್ಯಾಸವನ್ನು ಸೂಚಿಸುತ್ತೇವೆ. ಪಂಜೆ ಮಂಗೇಶರಾಯರ (1874-1937) 'ಹಾವಿನ ಹಾಡ'ನ್ನು ಮಕ್ಕಳಿಂದ ಓದಿಸಿರಿ. ಬಳಿಕ, ಹೊರಕಿವಿಯೂ ಕಿವಿಯ ತಮಟೆಯೂ ಇಲ್ಲದ ಹಾವಿಗೆ ನಮ್ಮ ಹಾಡು ಹೇಗೆ ಮುಟ್ಟೀತೆಂದು ಕೇಳಿರಿ. ಹಾವಿಗೆ ಒಳಗಿವಿ ಇದೆ, ನೆಲದ ಅದುರನ್ನು ಅದು ದವಡೆಯ ಎಲುಬಿನ ಮೂಲಕ ಗ್ರಹಿಸುತ್ತದೆ, ಗಾಳಿಯಲ್ಲಿ ಬರುವ ತಗ್ಗಿನ ಸ್ವರಗಳೂ ಸ್ವಲ್ಪಮಟ್ಟಿಗೆ ಅದಕ್ಕೆ ತಿಳಿಯುತ್ತವೆ ಎಂಬಷ್ಟನ್ನು ಸುಳಿವಾಗಿ ಕೊಟ್ಟು, ಉಳಿದುದನ್ನು ಅವರಿಗೇ ಬಿಡಿರಿ.

ನಮ್ಮ ಪೆಟ್ಟಿಗೆ ರದ್ದಿಗೆ ಹೋಗಲಿಲ್ಲ. ಊರಿನಿಂದ ಹೊರಡುವ ದಿನ ತುತ್ತೂರಿಯ ಪುಟವನ್ನು ತೆರೆದು ನೋಡಿದೆವು. ಅಂಚಿನಲ್ಲಿ ಪೆನ್ಸಿಲಿನಿಂದ ದುಂಡು ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ಮಾಡಿ ನೋಡಿದೆ. ಸರಿ ಇದೆ. ಮಾವ ಹೇಳಿದ್ದು ಸೀಸೆಗೆ ಮಾತ್ರ."