ಅಕ್ಕಡಿ ಸಾಲಿನ ಒಡನಾಟ

ಹಳೇ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಅವರೆ, ತೊಗರಿ, ಅಲಸಂದೆ ಅಥವಾ ಹುಚ್ಚೆಳ್ಳು ಬಿತ್ತುವ ಪದ್ಧತಿಗೆ ಅಕ್ಕಡಿ ಎಂದು ಹೆಸರು. ಈ ಅಕ್ಕಡಿ ಬೀಜವನ್ನು ಆರಿಸುವುದು, ಕಾಪಿಡುವುದು, ಕೇಳಿದವರಿಗೆ ಹಿಡಿಯಷ್ಟು ಕೊಡುವುದು ಬಹುಮಟ್ಟಿಗೆ ಹೆಂಗಸರ ಕೆಲಸವಾಗಿಯೇ ಉಳಿದುಬಂದಿದೆ. ಇಂಥ ತಿಳಿವಳಿಕೆ ಅತ್ತೆಯಿಂದ ಸೊಸೆಗೆ ಬರುತ್ತದೆಂಬುದು ವಾಡಿಕೆಯ ಮಾತಾದರೂ, ಪೇಟೆಯಿಂದ ಸೊಸೆಯಾಗಿ ಬಂದ ಈ ಲೇಖಕಿಗೆ ಅದು ದಕ್ಕಿದ್ದು ನಂಟೂ ಅಲ್ಲದ, ಜಾತಿಯೂ ಬೇರೆಯಾದ, ಎಪ್ಪತ್ತು ದಾಟಿದ್ದ, ಊರೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ನೆರೆಮನೆಯಾಕೆಯಿಂದ.

ಮೊದಲ ವರ್ಷ ಅರೆಬರೆ ಒಣಗಿದ ಅವರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಟ್ಟ ಲೇಖಕಿಗೆ ಬಿತ್ತನೆಯ ಹೊತ್ತಿಗೆ ಸಿಕ್ಕಿದ್ದು ತೂತುಬಿದ್ದ ಕಾಳು ಮತ್ತು ಪುಡಿ. ಕಾಳಿನ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಕಣಜದವರೆಗೂ ಬರುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಒಲೆಬೂದಿ ಬೆರೆಸಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಬಳಿಯುತ್ತಾರೆ. ಬೂದಿ ಕಾಳುಗಳ ನಡುವಿನ ಸಂದು ತುಂಬಿ ಹುಳುವಿನ ಓಡಾಟ ತಡೆಯುತ್ತದೆ. ಇದಿಷ್ಟೂ ಪುಸ್ತಕದಲ್ಲಿ ಸಿಗುವ ಮಾತೇ. “ಬೂದಿ ಎಲ್ರೂ ಹಾಕ್ತಾರೆ ಮಗಾ, ಒಣಗೈತಾ ಅಂತ ಹಲ್ಲು ಹೇಳ್ಬೇಕು” ಎಂಬುದು ಮಾತ್ರ ದೊಡ್ಡವ್ವನದು. ಆಕೆಗೆ ದವಡೆ ಹಲ್ಲು ಉಳಿದಿರಲಿಲ್ಲವಾದ್ದರಿಂದ ಕಾಳು ಕಡಿಯುವುದು ಲೇಖಕಿಯ ಪಾಲಿಗೂ, ಕಟಕ್ಕೆಂದಿತೋ ಮೆತ್ತಗಾಯಿತೋ ಎಂದು ಆಲಿಸಿ ತೀರ್ಪು ಕೊಡುವುದು ಆಕೆಯ ಪಾಲಿಗೂ ಬಂತು.

ಕಲಿಯುವುದರಲ್ಲಿ ಲೇಖಕಿಯ ತಪ್ಪು ಶುರುವಾದದ್ದು ಇದನ್ನೆಲ್ಲ ಬರೆದಿಟ್ಟುಕೊಳ್ಳಲು ಒಯ್ದ ನೋಟುಪುಸ್ತಕದಿಂದ. ಅದನ್ನು ತೆರೆದೊಡನೆ ದೊಡ್ಡವ್ವ ಮೌನವಾಗುತ್ತಿದ್ದಳು. 2007ರಲ್ಲಿ ಆರಂಭವಾದ, ವೃದ್ಧರಿಗೆ ಮಾಸಾಶನ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ ಹಣಕ್ಕೆ ಜೊತೆಯಾಗಿ ಹೋಗಿ, ದುಡಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸದೆ ಮೂರು ಸಲ ಬರಿಗೈಯಲ್ಲಿ ಮರಳಿದ ದಾರಿಯಲ್ಲೇ ಆಕೆ ಹೆಚ್ಚು ಹೇಳಿದ್ದು. ಅತ್ತೆಯನ್ನು ಕೇಳಿದರೆ ದಡ್ಡತನವೆನಿಸಬಹುದಾದ ಪ್ರಶ್ನೆ ಇಲ್ಲಿ ಬರೀ ಪ್ರಶ್ನೆಯಾಗಿ ಉಳಿಯುತ್ತಿತ್ತು. ತನ್ನ ಸೊಸೆಯ ಮುಂದೆ ಆಡಲಾಗದ ದೂರುಗಳೂ ದೊಡ್ಡವ್ವನಿಂದ ಹೊರಬೀಳುತ್ತಿದ್ದವು.

ಅವರೆಯ ತಳಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೊಂದಲಿಲ್ಲ. ಹಗಲಿನ ಹೊತ್ತು ಕುಗ್ಗಿದಾಗಲೇ ಹೂಬಿಡುವ ನಾಟಿ ಅವರೆ ಚಳಿಗಾಲದ್ದು, ಹಗಲಿನ ಅಳತೆಗೆ ಕಾಯದ ಹೆಬ್ಬಾಳ ಅವರೆ ವರ್ಷವಿಡೀ ಬರುವಂಥದ್ದು. ಎರಡನೆಯದರಲ್ಲಿ ಸೊಗಡಿಲ್ಲವೆಂದು ದೊಡ್ಡವ್ವ ಸಾರಿನ ಬಟ್ಟಲು ಸರಿಸಿದಳು. ಮಾರಾಟಕ್ಕೆ ಅದೇ ಅನುಕೂಲವೆಂಬ ಲೇಖಕಿಯ ವಾದ ಇಂದಿಗೂ ಬದಲಾಗಿಲ್ಲ. ಈಗ ದೊಡ್ಡವ್ವನ ಕಿವಿಯೂ ಮಂದವಾಗಿದ್ದು, ಲೇಖಕಿ ಕಾಳು ಕಡಿದಾಗ “ಆಯ್ತಾ?” ಎಂದು ಕೇಳಿ, ಹೂಂ ಎಂದ ಮೇಲೆ ಬೂದಿಯ ಮೊರಕ್ಕೆ ಕೈಯಿಡುತ್ತಾಳೆ.