ಕಮ್ಮಟಕ್ಕೆ ಬಂದವರು ನಿಲ್ಲುವುದಿಲ್ಲವೇಕೆ?

ಓದುಗರ ಪತ್ರ: ತಿಂಗಳಿಗೊಮ್ಮೆ ಸೇರುವ ನಮ್ಮ ಕಾವ್ಯಕಮ್ಮಟಕ್ಕೆ ಹೊಸಬರು ಉತ್ಸಾಹದಿಂದ ಬಂದು, ಎರಡು ಮೂರು ಸಭೆಗಳಲ್ಲೇ ಕಾಣದಾಗುತ್ತಾರೆ. ಸಂಚಾಲಕಿಯಾದ ನನ್ನ ದೋಷವೇ?

ಸಲಹೆಗಾರರ ಉತ್ತರ: ಸಹೋದರಿ, ಬಂದವರೆಲ್ಲರೂ ನಿಲ್ಲಬೇಕೆಂಬ ನಿರೀಕ್ಷೆಯನ್ನು ಮೊದಲು ಬಿಡಿರಿ; ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಿಂದಲೂ ಗೋಕಾಕರಂಥವರು ವ್ಯಾಸಂಗ, ಉದ್ಯೋಗಗಳ ನಿಮಿತ್ತ ದೂರದ ಊರುಗಳಿಗೆ ತೆರಳಿದರು. ವರ್ಗಾವಣೆ, ವಿವಾಹ, ಪರೀಕ್ಷೆಗಳ ಕಾರಣ ಹೋದವರ ಬಗೆಗೆ ನೀವು ಮಾಡತಕ್ಕದ್ದೇನೂ ಇಲ್ಲ. ಚಿಂತಿಸಬೇಕಾದುದು, ತಮ್ಮ ಮೊದಲ ಕವಿತೆಯನ್ನು ನಡುಗುವ ಕಂಠದಿಂದ ಓದಿ, ಪ್ರತಿಯಾಗಿ ಮೌನವನ್ನೋ, ಒಣ ಹೊಗಳಿಕೆಯನ್ನೋ, ಹಿರಿಯರೊಬ್ಬರ ಸುದೀರ್ಘ ಛಂದೋಪನ್ಯಾಸವನ್ನೋ ಪಡೆದು, ಮತ್ತೆ ಈ ಕಡೆಗೆ ಸುಳಿಯದವರ ವಿಷಯ. ಆದುದರಿಂದ ಹೊಸಬರ ಕವಿತೆಯ ಪ್ರತಿಯನ್ನು ಒಂದು ವಾರ ಮುಂಚಿತವಾಗಿ ಹಂಚಿ, ಇಬ್ಬರು ಹಳಬರು ನಿರ್ದಿಷ್ಟ ಪಂಕ್ತಿಗಳನ್ನು ಹಿಡಿದು ಟಿಪ್ಪಣಿ ಬರೆದು ತರತಕ್ಕದ್ದೆಂದೂ, ಅನ್ಯರ ಎರಡು ರಚನೆಗಳಿಗೆ ಅಭಿಪ್ರಾಯ ಕೊಡದೆ ಯಾರೂ ತಮ್ಮದನ್ನು ಓದಕೂಡದೆಂದೂ ನಿಯಮ ಮಾಡಿರಿ. ಎರಡನೆಯದರಿಂದ ಕೆಲವರು ಮುನಿದು ಹೋದಾರು. ಚಪ್ಪಾಳೆಗಾಗಿಯೇ ಬಂದವರು ಅವರು, ಹೋಗಲಿ. ಛಂದಸ್ಸಿನ ಹಿರಿಯರಿಗೆ ಪ್ರತ್ಯೇಕ ಸಭೆಯೊಂದನ್ನು ಒಪ್ಪಿಸಿದರೆ ಅವರಿಗೂ ತೃಪ್ತಿ, ಉಳಿದವರಿಗೂ ನೆಮ್ಮದಿ. ಬಿಟ್ಟವರಿಗೆ ಒಮ್ಮೆ ಮಾತ್ರ ಕಾರಣ ಕೇಳಿ ಬರೆಯಿರಿ; ಉತ್ತರ ಬಾರದಿದ್ದರೆ ಬೆನ್ನುಹತ್ತಬೇಡಿರಿ.

ಆದರೆ ಕಾಣದಾದವರ ಕವಿತೆಗಳಲ್ಲಿ ಪ್ರಾಣತ್ಯಾಗದ ಇಚ್ಛೆಯು ಮತ್ತೆ ಮತ್ತೆ ತಲೆದೋರಿದ್ದರೆ, ಅದನ್ನು ಬರಿಯ ಕರುಣರಸವೆಂದು ಬಗೆಯದೆ, ಒಡನೆಯೇ ಅವರೊಡನೆ ನೇರವಾಗಿ ಮಾತನಾಡಿ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ದೊರೆಯುತ್ತದೆ.