ಮೀಟರಿನ ಮುಳ್ಳು ಸುಳ್ಳು ಹೇಳಬಾರದಂದ್ರ

ತಮ್ಮಾ, ಅಟ್ಟದ ಮ್ಯಾಲಿನ ಹಳಿ ಆಂಪ್ಲಿಫೈಯರ್ ಇಳಿಸೀ ಅಂತ ಕೇಳಿ ಖುಷಿ ಆತು. ಮುಳವಾಡದಾಗ ಮದುವಿ ಇರಲಿ, ಭಜನಿ ಇರಲಿ, ಬೆಳತನಕ ನಡೆಯೂ ಬಯಲಾಟ ಇರಲಿ, ಮೈಕ್‌ಸೆಟ್ ಮೀಟರ್ ನೋಡಾಕಂತನ ಹುಡುಗರು ಸುತ್ತುಗಟ್ಟಿ ಕುಂದರತಿದ್ರು. ಹಳದಿ ಬೆಳಕಿನಾಗ ಮುಳ್ಳು ಕುಣೀತಿತ್ತಂದ್ರ ಸಾರಥಿ ದನಿ ಏರಿಸ್ಯಾನ ಅಂತ ದೂರದಿಂದನ ಗೊತ್ತಾಗತಿತ್ತು. ಈಗ ಆ ಮುಳ್ಳು ನಡುವ ಸಿಕ್ಕೊಂಡೈತಿ, ಮೀಟರ್ ಹೊಂದಿಸೂ ಪ್ರಿಸೆಟ್ ತಿರುವಿ ಸರಿ ಮಾಡ್ತೀನಿ ಅಂತ ಸ್ಕ್ರೂಡ್ರೈವರ್ ಹಿಡದೀಯಂತ. ಮೊದಲ ಅದನ್ನ ಕೆಳಗಿಡು. ಪ್ರಿಸೆಟ್ ಸರದಿ ಬರೂದು ಎಲ್ಲಾದಕ್ಕಿಂತ ಕಡೀಕ.

ಕರೆಂಟ್ ಇಲ್ಲದಾಗ ಮುಳ್ಳು ಎಲ್ಲಿ ನಿಲ್ತೈತಿ ನೋಡು. ಸೊನ್ನಿ ಬಿಟ್ಟು ಸರದಿದ್ರ ಗಾಜಿನ ಕೆಳಗಿನ ಸಣ್ಣ ಸ್ಕ್ರೂ ಐತಲ್ಲ, ಕೂದಲೆಳಿಯಷ್ಟ ತಿರುವು, ಬೆರಳಲೆ ಮೆಲ್ಲಕ ತಟ್ಟು, ಮತ್ತ ನೋಡು. ನಿನ್ನ ಮುಳ್ಳು ನಡುವ ನಿಂತಿದ್ದಕ್ಕ ನನಗ ಬ್ಯಾರೇನ ಸಂಶೆ ಐತಿ. ಎರಿ ಮಣ್ಣಿನ ಧೂಳ ಕೂತಿತ್ತು, ಒಣ ಅರಿವಿಲೆ ಗಸಗಸ ತಿಕ್ಕೀದಿ, ಹೌದಲ್ಲೊ? ನಮ್ಮ ಕಡಿ ಬ್ಯಾಸಗಿ ಗಾಳಿ ಒಣಾ ಇರತೈತಿ. ಅಂಥಾದ್ರಾಗ ಪ್ಲಾಸ್ಟಿಕ್ಕಿನ ಆ ಗಾಜು ತಿಕ್ಕಿದ್ರ ಅದಕ್ಕ ವಿದ್ಯುತ್ ಅಂಟಿ, ಹಗುರ ಮುಳ್ಳನ್ನ ಎಳಕೊಂಡು ಹಿಡಿತೈತಿ. ಮಷೀನ್ ಕೆಟ್ಟಿಲ್ಲ. ಒಂದು ಬಟ್ಟಲ ನೀರಿಗೆ ಪಾತ್ರಿ ತೊಳಿಯೂ ಸೋಪಿನ ಒಂದು ಹನಿ ಹಾಕಿ, ಮೆತ್ತನ್ನ ಅರಿವಿ ಅದ್ದಿ ಹಿಂಡಿ, ಗಾಜಿನ ಮ್ಯಾಲ ಒರಸು. ಬಹಳ ಸಲ ಅಷ್ಟಕ್ಕ ಮುಳ್ಳು ತಾನ ಇಳಿತೈತಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಿದ್ರ ಮಾತ್ರ ಗಾಜು ಮೋತಿಬಿಂದು ಬಂದ ಕಣ್ಣಾಗತೈತಿ.

ಮೀಟರ್ ಬಿಚ್ಚಾಕ ಹೋಗಬ್ಯಾಡ. ಒಳಗ ಅಯಸ್ಕಾಂತದ ನಡುವ ತಂತಿಯ ಸಣ್ಣ ಚೌಕಟ್ಟು ತೂಗಾಡತಿರತೈತಿ, ಅಲ್ಲಿ ಕಬ್ಬಿಣದ ಒಂದು ಕಣ ಹೊಕ್ಕರ ಆತು, ಮುಳ್ಳು ಅಲ್ಲಲ್ಲಿ ತಡಿಯಾಕ ಹತ್ತತೈತಿ. ಮುಳ್ಳಿನ ಹಳಿ ಮಲ್ಟಿಮೀಟರ್ ಓಮ್‌ಗೆ ಇಟ್ಟು ಇದನ್ನ ಪರೀಕ್ಷಾ ಮಾಡೂದೂ ಬ್ಯಾಡ. ಇಂಥಾ ಮೀಟರ್ ಬಹಳ ಮಟ್ಟಿಗೆ 200ರಿಂದ 500 ಮೈಕ್ರೋ ಆಂಪಿಯರ್‌ಗೇ ಕೊನಿ ಮುಟ್ಟತಾವ. ಅದಕ್ಕ ನೂರಾರು ಪಟ್ಟು ಕರೆಂಟ್ ತುರುಕಿದಂಗ ಆಗತೈತಿ. ಹರೇದಾಗ ಹಿಂಗ ಒಂದು ಮೀಟರ್ ಸುಟ್ಟೀನಿ. ಮನ್ಯಾಗ ಯಾರಿಗೂ ಹೇಳಿಲ್ಲ.

ಇನ್ನ ಮುಖ್ಯ ಮಾತು. ಫಲಕದ ಮ್ಯಾಲ ವ್ಯಾಟ್ ಅಂತ ಬರದಿದ್ರೂ ಮುಳ್ಳು ನೋಡೂದು ಬರೇ ವೋಲ್ಟೇಜ್. ಅದರ ವರ್ಗಾನ ಲೋಡಿನ ಓಮ್‌ಲೆ ಭಾಗಿಸಿದ್ರ ವ್ಯಾಟ್. 8 ಓಮ್ ಮ್ಯಾಲ 2.83 ವೋಲ್ಟ್ ಅಂದ್ರ 1 ವ್ಯಾಟ್, 28.3 ಅಂದ್ರ 100. ವೋಲ್ಟೇಜ್ ಇಮ್ಮಡಿ ಆದ್ರ ವ್ಯಾಟ್ ನಾಕು ಪಟ್ಟು. ಮೀಟರ್ 8 ಓಮಿನ ಲೆಕ್ಕಕ್ಕ ಹೊಂದಿಸಿದ್ದು, ನೀ ಅದ ಜಾಗಕ್ಕ 4 ಓಮಿನ ಸ್ಪೀಕರ್ ಹಚ್ಚಿದಿ ಅಂದ್ರ ಮುಳ್ಳು 50 ತೋರಿಸೂವಾಗ ಸ್ಪೀಕರಿಗೆ ಹೋಗೂದು 100. ಮುಳ್ಳು ನೋಡಿ ನಂಬಿದವರ ಕಾಯಿಲ್ ಸುಟ್ಟಿದ್ದು ಹಿಂಗ.

ನಿನ್ನದು 100 ವ್ಯಾಟಿಂದು, ಹಿಂದ 100 ವೋಲ್ಟ್ ಲೈನ್ ಐತಿ. ಅದರ ಪೂರಾ ಲೋಡ್ ಅಂದ್ರ 100 ಓಮ್. ಪರೀಕ್ಷಾಕ್ಕ ಸ್ಪೀಕರ್ ಬದಲಿ ಅಷ್ಟ ಓಮಿನ ಲೋಡ್ ಹಚ್ಚಬೇಕು. ಅದಕ್ಕಂತ ಪ್ಯಾಟಿಗೆ ಹೋಗಿ ದೊಡ್ಡ ರೆಸಿಸ್ಟರ್ ಹುಡುಕಬ್ಯಾಡ. ಕರೆಂಟ್ ಒಲಿಯ 1000 ವ್ಯಾಟಿನ ಎರಡು ಸುರುಳಿ ತಗೊ. 230 ವೋಲ್ಟ್ ಲೆಕ್ಕಕ್ಕ ಒಂದೊಂದು ಸುಮಾರು 53 ಓಮ್, ತಣ್ಣಗಿದ್ದಾಗ ಜರಾ ಕಡಿಮಿ. ಎರಡನ್ನೂ ಒಂದರ ಬಾಲಕ್ಕೊಂದು ಕಟ್ಟಿದ್ರ ನೂರರ ಆಸುಪಾಸು. ಅಳದ ನೋಡು, ಅಂದಾಜು ನಂಬಬ್ಯಾಡ. ಸಪ್ಪಳಿಲ್ಲ, ಮಗ್ಗಲ ಮನಿಯವರ ಬೈಗಳಿಲ್ಲ, ಸುರುಳಿ ಬೆಚ್ಚಗಾದ್ರ ಹೆಚ್ಚು. ಆದ್ರ ಆ ಬರಿಮೈ ತಂತ್ಯಾಗ 100 ವೋಲ್ಟ್ ಓಡಾಡತಿರತೈತಿ, ಹುಡುಗರನ್ನ ದೂರ ಇಡು. ಅಕಸ್ಮಾತ್ ವಾಲ್ವಿನ ಸೆಟ್ ಇದ್ರ ಲೋಡಿಲ್ಲದ ದನಿ ಏರಿಸಲೇಬ್ಯಾಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗತೈತಿ.

ಮೊದಲ ಸಲ ಕರೆಂಟ್ ಕೊಡೂದು ಸಿರೀಸ್ ಬಲ್ಬಿನ ಮೂಲಕ, ಅಂದ್ರ ಕರೆಂಟಿನ ಒಂದು ತಂತಿಯ ನಡುವ ಬಲ್ಬ್ ಕಟ್ಟಿ. ಬಲ್ಬ್ ಝಗ್ ಅಂತ ಹತ್ತಿ ಹಂಗ ಉಳದ್ರ ಒಳಗ ಶಾರ್ಟ್ ಐತಿ, ಮೀಟರಿನ ಮಾತು ಆಮ್ಯಾಲ. ಮಂದ ಆದ್ರ ಸಿರೀಸ್ ತಗದು ನೇರ ಕೊಡು. ಮೊಬೈಲಿಂದ 400 ಹರ್ಟ್ಸ್ ಸ್ವರ ಹಚ್ಚು. ಎಲ್ಲಾರೂ 1000 ಅಂತಾರ, ಆದ್ರ ಸಸ್ತಾ ಮಲ್ಟಿಮೀಟರ್ ಅಷ್ಟು ಮ್ಯಾಲ ಹೋದ್ರ ತಪ್ಪತಾವ. ಪೂರಾ 100 ವೋಲ್ಟಿಗೂ ಏರಿಸಬ್ಯಾಡ. ಹೊಲದ ಪಂಪ್‌ಸೆಟ್ ಚಾಲೂ ಆದ ಹೊತ್ತಿಗೆ ಮನಿ ವೋಲ್ಟೇಜ್ ಕುಸಿದಿರತೈತಿ, ಅಂಥಾದ್ರಾಗ ಆಂಪ್ಲಿಫೈಯರ್ ಅಲಿಯ ತಲಿ ಕತ್ತರಿಸಿಬಿಡತೈತಿ, ಮಲ್ಟಿಮೀಟರೂ ತಪ್ಪು ಹೇಳತೈತಿ. ಲೋಡಿಗೆ ಮಲ್ಟಿಮೀಟರ್ ಹಚ್ಚಿ ನೋಡಕೋತ 50 ವೋಲ್ಟಿಗೆ ನಿಲ್ಲಿಸು. ಅದು 25 ವ್ಯಾಟ್. ಈಗ ಸ್ಕ್ರೂಡ್ರೈವರ್ ತಗೊ, ಪ್ರಿಸೆಟ್ ತಿರುವಿ ಮುಳ್ಳು 25ಕ್ಕ ತಂದು ನಿಲ್ಲಿಸು. ಆಮ್ಯಾಲ 70 ವೋಲ್ಟಿಗೆ ಏರಿಸಿದ್ರ ಮುಳ್ಳು 50ರ ಹತ್ತಿರ ಹತ್ತಿರ ಬರಬೇಕು.

ದೊಡ್ಡ ದನಿಗೆ ಬರೋಬ್ಬರಿ ಇದ್ದು ಸಣ್ಣ ದನಿಗೆ ಮುಳ್ಳು ಅಲ್ಲಾಡದಿದ್ರ ಡಯೋಡ್ ನೋಡು. ಹಳೇದ್ರಾಗ ಜರ್ಮೇನಿಯಮ್ ಡಯೋಡ್ ಇರತಿದ್ವು, ಓಎ79 ಅಂಥಾವು, 0.2–0.3 ವೋಲ್ಟಿಗೇ ಬಾಗಲಾ ತಗೀತಾವ. ರಿಪೇರಿ ಮಾಡಿದ ಯಾರರೆ ಅಲ್ಲಿ ಸಿಲಿಕಾನ್ ಹಾಕಿದ್ರ, ಅದು 0.6 ತನಕ ಬಾಗಲಾ ಬಿಗದಕೊಂಡು ಕುಂತಿರತೈತಿ. ಮುಳ್ಳು ಜ್ವರ ಬಂದಂಗ ನಡುಗಿದ್ರ ಡಯೋಡಿನ ಮಗ್ಗಲಿನ ಕೆಪಾಸಿಟರ್ ಒಣಗೈತಿ, ಬದಲಸು. ಅದಕ್ಕ ಮೊದಲ ದೊಡ್ಡ ಕೆಪಾಸಿಟರ್ ಖಾಲಿ ಮಾಡೂದು ಮರೀಬ್ಯಾಡ.

ಒಳಗಿನ ದೀಪ ಸುಟ್ಟಿದ್ರ ಅದ ವೋಲ್ಟಿನ, ಅದ ವ್ಯಾಟಿನ ಬಲ್ಬ್ ಹುಡುಕು. ದೊಡ್ಡದು ಹಾಕಿದ್ರ ಫಲಕ ರೊಟ್ಟಿ ಸೀದಂಗ ಕಂದತೈತಿ. ಎಲ್ಇಡಿ ಬೇಕಾದ್ರ ಹಾಕು, ಹಳದಿ ಬಣ್ಣದ್ದು, ರೆಸಿಸ್ಟರ್ ಸಂಗಾಟ. ನೀಲಿ ಮಾತ್ರ ಬ್ಯಾಡೋ ಮಾರಾಯಾ, ನಾಟಕದ ಕಂಪನಿ ಬೋರ್ಡ್ ಕಂಡಂಗ ಆಗತೈತಿ.

ಕೆಲಸ ಮುಗದ ಮ್ಯಾಲ ಮುಚ್ಚಳದ ಒಳಮಗ್ಗಲ ಪೆನ್ಸಿಲ್‌ಲೆ ತಾರೀಖು, ಲೋಡಿನ ಓಮ್, ವೋಲ್ಟ್ ಬರದಿಡು. ಅಲ್ಲಿ ಮೊದಲ ಎರಡು ಸಾಲು ಇದ್ದಾವು, ಅಕ್ಷರ ನಂದು. ಕೆಳಗ ಜಾಗ ಐತಿ.